ಉಡಿಯಲ್ಲಿ ಉಳಿದ ಮಾತು

ನೆರಳುಶಕ ೧೧೨, ಹದಿಮೂರನೆಯ ತಿಂಗಳು, ಮಂಗಳವಾರ

ಶಿವಲೀಲಾ ಅಕ್ಕನವರಿಗೆ,

ವಯಸ್ಸಿನ ಲೆಕ್ಕದಲ್ಲಿ ನೀವು ನನ್ನ ಮುತ್ತಜ್ಜಿಗೂ ಹಿರಿಯರು. ಆದರೆ ನರ್ಸುಗಳ ಕೂಟದಲ್ಲಿ ಎಲ್ಲರೂ ಅಕ್ಕಂದಿರೇ, ಆದ್ದರಿಂದ ಹಾಗೆ ಕರೆದಿದ್ದೇನೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದ ಹಿಂದಿನ ಕಾಲಕ್ಕೆ ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ, ನನಗೂ ತಿಳಿಯದು.

ನಮ್ಮಲ್ಲಿ ಬಿಸಿಲುಗಂಟೆ ಬಾರಿಸಿದ ಮೇಲೆ ಬೀದಿಗೆ ಇಳಿಯುವಂತಿಲ್ಲ. ಆಸ್ಪತ್ರೆ ನೆಲದಡಿಯಲ್ಲಿದೆ. ರೋಗಿಯ ಜ್ವರ ಏರಿದರೆ ನಮ್ಮ ಕೈಯ ನಾಡಿಬಳೆ ಬಿಸಿಯಾಗಿ ತಿಳಿಸುತ್ತದೆ. ಇಷ್ಟೆಲ್ಲ ಬದಲಾದರೂ ನಿಮ್ಮ ಮಂಗಳವಾರದ ಗುಂಪು ಚಿಕಿತ್ಸೆ ಉಳಿದಿದೆ. ನಿಮ್ಮ ಆಪ್ತಸಮಾಲೋಚಕಿ ಕಲಿಸಿದಂತೆಯೇ ನರ್ಸುಗಳೆಲ್ಲ ಇಂದಿಗೂ ದುಂಡಗೆ ಕೂರುತ್ತೇವೆ. ಮನಸ್ಸನ್ನು ಕೊರೆಯುವ ಯೋಚನೆಯನ್ನು ಪಕ್ಕದವಳಿಗೆ ಒಪ್ಪಿಸುತ್ತೇವೆ. ಅವಳು ಅದನ್ನು ತನ್ನದೇ ಎಂಬಂತೆ ಹೇಳುತ್ತಾಳೆ. ಕೊಟ್ಟವಳು ಗೆಳತಿಯನ್ನು ಸಮಾಧಾನ ಮಾಡುವಂತೆ ಅದಕ್ಕೆ ಉತ್ತರಿಸುತ್ತಾಳೆ. ಅಲ್ಲಿಗೆ ಆ ಯೋಚನೆ ಹಲ್ಲು ಕಿತ್ತ ಹಾವು. ಹೀಗೆ ಇನ್ನೊಬ್ಬಳ ಮಡಿಲಿಗೆ ಹಾಕಿದ್ದನ್ನು ನಾವು ಉಡಿಮಾತು ಎನ್ನುತ್ತೇವೆ. ಕೊಟ್ಟವಳ ಹೊರತು ಬೇರೆ ಯಾರೂ ಅದಕ್ಕೆ ಉತ್ತರಿಸಕೂಡದು ಎಂಬುದು ನಿಯಮ.

ನೀವೂ ಒಂದು ಉಡಿಮಾತು ಕೊಟ್ಟಿರಿ. ರೇಣುಕಾ ಸಿಸ್ಟರ್ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹೆರಿಗೆ ವಾರ್ಡಿನಿಂದ ಕರೆ ಬಂತು, ನೀವು ಉತ್ತರಿಸುವ ಮೊದಲೇ ಎಲ್ಲರೂ ಎದ್ದು ಓಡಿದಿರಿ. ಮುಂದಿನ ವಾರ ನೀವು ಬರಲಿಲ್ಲ. ಬೇರೆ ಊರಿಗೆ ವರ್ಗ ಮಾಡಿಸಿಕೊಂಡಿರಂತೆ. ರೇಣುಕಾ ನಿಮ್ಮ ದಾರಿ ಕಾದರು. ನಿವೃತ್ತಿಯ ದಿನ ಬೇರೇನೂ ತೋಚದೆ ಪಕ್ಕದವಳ ಉಡಿಗೆ ಹಾಕಿದರು. ಅದು ಕೈ ದಾಟುತ್ತ ನನ್ನವರೆಗೆ ಬಂದಿದೆ. ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ ಎನ್ನುತ್ತಿದ್ದರಂತೆ ನಿಮ್ಮ ಕಾಲದಲ್ಲಿ. ಇಲ್ಲಿ ಇಸಿದುಕೊಂಡವರೇ ಕೋಡಂಗಿಗಳಾದೆವು.

ನಾನು ಮುದುಕರ ವಾರ್ಡಿನವಳು, ಆಸ್ಪತ್ರೆಯಲ್ಲಿ ಕೂಸನ್ನು ಎತ್ತಿಕೊಂಡೇ ಇಲ್ಲ. ಆದರೂ ಕೈ ತೊಳೆಯುವಾಗ ಬೊಗಸೆಯಲ್ಲಿ ಒಂದು ಕೂಸಿನ ಭಾರ ಬಂದು ಕೂರುತ್ತದೆ. ಹತ್ತಿರ ಯಾವ ರೋಗಿಯೂ ಇಲ್ಲದೆ ಬಳೆ ಬಿಸಿಯಾಗುತ್ತದೆ. ನನಗೆ ಭಯವಾಗುತ್ತದೆ ಅಕ್ಕಾ.

ಬರುವ ಮಂಗಳವಾರ ನನ್ನ ನಿವೃತ್ತಿ. ಪಕ್ಕದಲ್ಲಿ ಕೂರುವವಳು ಇಂಚರ, ಏಳು ತಿಂಗಳ ಬಸುರಿ. ಬಸುರಿಯ ಉಡಿಗೆ ಅಕ್ಕಿ, ಕೊಬ್ಬರಿ ಹಾಕುವುದುಂಟು. ಇದನ್ನು ಹೇಗೆ ಹಾಕಲಿ?

ಆದ್ದರಿಂದ ನಿಮ್ಮನ್ನೇ ಹುಡುಕಿಕೊಂಡು ಬಂದಿದ್ದೇನೆ. ನಾನು ನಿಮ್ಮ ಪಕ್ಕದಲ್ಲೇ ಕೂತಿದ್ದೇನೆಂದುಕೊಳ್ಳಿ. ನಿಮ್ಮ ಊರಿನ ಮಾತನ್ನು ಇಲ್ಲೀಗ ಯಾರೂ ಆಡುವುದಿಲ್ಲ. ಇದೊಂದು ಸಾಲು ಮಾತ್ರ ಹಾಗೇ ಉಳಿದಿದೆ. ನನ್ನದೇ ಎಂಬಂತೆ ಹೇಳುತ್ತೇನೆ:

“ನಾ ಒಂದ್ ಗಳಿಗಿ ಕಣ್ಣ ಮುಚ್ಚಿದೆ, ಅದಕ್ಕ ಆ ಕೂಸು ಹೋತು.”

ಈಗ ಹೇಳಿ ಅಕ್ಕಾ, ನನಗೆ ಏನು ಹೇಳುತ್ತೀರಿ?

ನಿಮ್ಮ ಪಕ್ಕದವಳು,
ತಾರಿಣಿ