ಸೈನ್ಯದಲ್ಲಿದ್ದಾನೆಂದು ವಾಪಸಾದ ಸೈನ್ಯದ ಕಾಗದ

ಮೀಸಲು ಪಡೆಗೆ ಹುಡುಗರನ್ನು ಸೇರಿಸಿಕೊಳ್ಳುವ ಕಚೇರಿಯ ಮುಖ್ಯ ಅಧಿಕಾರಿಗಳೇ,

ನನ್ನ ಮೊಮ್ಮಗ ಕಲ್ಲೇಶ್ ಕರ್ತವ್ಯಕ್ಕೆ ಹಾಜರಾಗದೆ ತಪ್ಪಿಸಿಕೊಂಡಿದ್ದಾನೆ, ಮೂವತ್ತು ದಿನಗಳೊಳಗೆ ಕಾರಣ ತಿಳಿಸದಿದ್ದರೆ ಅವನ ಮೇಲೆ ಕ್ರಮ ಜರುಗಿಸಲಾಗುವುದು ಎಂದು ತಾವು ನೋಟಿಸ್ ಕಳಿಸಿದ್ದೀರಿ. ಅದರಲ್ಲಿ ಹತ್ತೊಂಬತ್ತು ದಿನಗಳು ಕಳೆದಿವೆ. ಅವನು ತಪ್ಪಿಸಿಕೊಂಡಿಲ್ಲ. ಅವನನ್ನು ಬಚ್ಚಿಟ್ಟವಳು ನಾನು. ಆ ಗತಿ ನನಗೆ ಹೇಗೆ ಬಂತು ಎಂಬುದನ್ನು ತಾವು ಸಾವಧಾನವಾಗಿ ಓದಬೇಕು. ಆಜ್ಞೆ ಕೊಡುವವರಿಗೆ ಓದುವ ಅಭ್ಯಾಸವೂ ಇರುತ್ತದೆ ಎಂದು ನಂಬಿ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವಳು. ಮಗ ತೀರಿಕೊಂಡ ಮೇಲೆ ಯಗಟಿಯ ನಮ್ಮ ಮನೆಯಲ್ಲಿ ನನ್ನ ಮಾತೇ ನಡೆಯುತ್ತದೆ. ಹೋದ ವರ್ಷ ಬೇರೆ ಜಿಲ್ಲೆಯ ಮೈದಾನದಲ್ಲಿ ನಿಮ್ಮವರು ಹುಡುಗರನ್ನು ಆರಿಸಿದಾಗ ಕಲ್ಲೇಶನನ್ನು ಕಳಿಸಿದವಳೂ ನಾನೇ. ಅದೇ ತಿಂಗಳು ಪಕ್ಕದ ಊರಿನ ಇನ್ನೊಬ್ಬ ಹುಡುಗ ಕಾಯಂ ಸೈನ್ಯಕ್ಕೆ ಆಯ್ಕೆಯಾದ. ಇಬ್ಬರೂ ಓಡಿದ್ದು ಒಂದೇ ದೂರ. ಇಬ್ಬರಿಗೂ ಒಂದೇ ಬಗೆಯ ಕ್ರಾಪು, ಒಂದೇ ಬಗೆಯ ಕಪ್ಪು ಟ್ರಂಕು. ಅವನು ವರ್ಷವಿಡೀ ಸೈನಿಕ, ಇವನು ಕರೆದಾಗ ಮಾತ್ರ ಸೈನಿಕ ಎಂದು ನಾವು ಟ್ರಂಕು ನೋಡಿ ತಿಳಿದುಕೊಳ್ಳಬೇಕಿತ್ತೇ?

ಹುಡುಗ ಓದಿ ಸಹಿ ಹಾಕಬೇಕಿತ್ತು ಎನ್ನುತ್ತೀರಿ. ಹನ್ನೊಂದು ಹಾಳೆ ಇಂಗ್ಲಿಷ್. ಬೆಳಗಿನಿಂದ ಬಿಸಿಲಲ್ಲಿ ನಿಂತವನ ಕೈಗೆ ಕೊಟ್ಟು, ಹಿಂದೆ ಇನ್ನೂ ಇನ್ನೂರು ಜನ ಇದ್ದಾರೆ ಎಂದು ಗದರಿದ್ದೀರಿ. ಆದರೂ ಇದರಲ್ಲೇನಿದೆ ಎಂದು ಅವನು ಕೇಳಿದನಂತೆ. ಮೇಜಿನ ಹಿಂದಿದ್ದವರು ‘ಕರೆಯುತ್ತೇವೆ, ಹೋಗು’ ಎಂದು ಹಿಂದಿಯಲ್ಲಿ ಹೇಳಿದರಂತೆ. ಕೆಲಸಕ್ಕೆ ಕರೆಯುತ್ತಾರೆ ಎಂದು ಅವನು ತಿಳಿದ. ಕೆಲಸ ಸಿಕ್ಕಿಯೇಬಿಟ್ಟಿತು ಎಂದು ನಾನು ತಿಳಿದೆ. ಹಾಲಿನ ಡೇರಿಯಲ್ಲಿ ಅವನಿಗೆ ಒಳ್ಳೆಯ ಕೆಲಸವಿತ್ತು. ಒಬ್ಬನಿಗೆ ಎರಡು ಕೆಲಸ ಯಾಕೆ ಎಂದು ರಾಜೀನಾಮೆ ಬರೆಸಿದೆ. ಬಸ್ ಸ್ಟ್ಯಾಂಡಿನಲ್ಲಿ ಅವನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿಸಿದೆ. ನಿಮ್ಮ ಪಡೆಗೆ ಬರುವವನಿಗೆ ಸ್ವಂತ ಜೀವನೋಪಾಯ ಇರಲೇಬೇಕು ಎಂಬ ನಿಯಮ ಒಂಬತ್ತನೆಯ ಹಾಳೆಯಲ್ಲಿತ್ತು ಎಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ಡೇರಿಯಲ್ಲಿ ಬೇರೆಯವನು ಕೂತಿದ್ದ.

ಮೊದಲ ತರಬೇತಿ ಮುಗಿಸಿ ಹುಡುಗ ಮನೆಗೆ ಬಂದ. ಬಸ್ ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟಿರುವ ರುದ್ರಮೂರ್ತಿ ಮೊದಲ ವಾರ ಪ್ರೀತಿಯಿಂದಲೇ ಕೇಳಿದ: “ಏನಪ್ಪಾ ಕಲ್ಲೇಶ, ಎಷ್ಟ್ ದಿನ ರಜ?” ಎರಡನೇ ತಿಂಗಳು: “ಇನ್ನೂ ಹೋಗ್ಲಿಲ್ವೇನೋ? ನಿಮ್ ಸೈನ್ಯದಲ್ಲಿ ಬೇಸಿಗೆ ರಜಾನೂ ಕೊಡ್ತಾರಾ?” ಮೂರನೇ ತಿಂಗಳು ಅಲ್ಲಿದ್ದವರೆಲ್ಲ ನಗುವಂತೆ: “ಗಡಿ ಯಾವ ಕಡೆ ಐತೆ ಕಣೋ, ಎಮ್ಮೆದೊಡ್ಡಿ ಕಡೆಗಾ?” ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ನಗು ತಡೆದುಕೊಳ್ಳಬಹುದು; ಕೇಳದೇ ಇರುವುದನ್ನು ತಡೆದುಕೊಳ್ಳುವುದು ಕಷ್ಟ. ಓಡಿ ಬಂದಿದ್ದಾನೆ ಎಂದು ಊರು ತೀರ್ಮಾನ ಮಾಡಿತ್ತು.

ಎಮ್ಮೆದೊಡ್ಡಿ ಎಂದೆನಲ್ಲ, ಅಲ್ಲಿನ ಕಾವಲಿನಲ್ಲಿ ಅಮೃತಮಹಲ್ ದನಗಳು ಮೇಯುತ್ತವೆ. ಹಿಂದಿನ ಅರಸರು ಸೈನ್ಯದ ಸಾಮಾನು ಎಳೆಯಲು ಬೆಳೆಸಿದ ತಳಿ ಅದು. ಯುದ್ಧವಿಲ್ಲದಾಗ ಅವನ್ನೂ ಮೇಯಲು ಬಿಡುತ್ತಿದ್ದರು. ಆದರೆ ಬಿಟ್ಟ ಹೋರಿಗೆ ಹುಲ್ಲುಗಾವಲು ಇತ್ತು, ಮೈಮೇಲೆ ಮುದ್ರೆ ಇತ್ತು, ಕಂಡವರಿಗೆ ಅದು ಸರ್ಕಾರದ್ದು ಎಂದು ತಿಳಿಯುತ್ತಿತ್ತು. ತಾವು ಬಿಟ್ಟ ಹುಡುಗನಿಗೆ ಹುಲ್ಲೂ ಇಲ್ಲ, ಮುದ್ರೆಯೂ ಇಲ್ಲ. ಇನ್ನೊಬ್ಬರ ನೇಗಿಲಿಗೆ ಹೂಡೋಣವೆಂದರೆ ಅವರೂ ಒಲ್ಲರು. ತರೀಕೆರೆಯ ಗ್ಯಾಸ್ ಏಜೆನ್ಸಿಗೆ ನಾನೇ ಕರೆದುಕೊಂಡು ಹೋಗಿದ್ದೆ. ಮಾಲೀಕರು ಮರ್ಯಾದೆಯಾಗಿಯೇ ಕೇಳಿದರು: “ನಾಳೆ ಅವ್ರು ಬಾ ಅಂದ್ರೆ ಇವ್ನು ಹೋಗ್ತಾನೆ. ಆಗ ಸಿಲಿಂಡರ್ ನೀವು ಹೊರ್ತೀರೇನಮ್ಮ?” ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ತಮ್ಮಲ್ಲಿ ಉತ್ತರವಿದೆಯೇ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಲ್ಲೇಶ ಬೀದಿಗಿಳಿಯುವುದನ್ನೇ ಬಿಟ್ಟಿದ್ದ. ಒಂದು ಸಂಜೆ ನಾನು ಹೇಳಿದೆ: “ಯೂನಿಫಾರಂ ಇಸ್ತ್ರಿ ಮಾಡ್ಕೊ. ನಾಳೆ ಡ್ಯೂಟಿಗೆ ಹೊರಡ್ತೀಯ.”

“ಯಾವ ಡ್ಯೂಟಿ ಅಜ್ಜಿ? ಆರ್ಡರ್ ಬಂದಿಲ್ವಲ್ಲ.”

“ಆರ್ಡರ್ ನಾನ್ ಮಾಡ್ತಿದೀನಿ ಕಣೋ.”

ಅವನ ತಾಯಿ ತನುಜಾ ಅಂದಳು: “ಬ್ಯಾಡ ಅತ್ತೆ. ಊರೋರು ಅಂದ್ರೆ ಅನ್ಲಿ. ಮಗ ಕಣ್ಮುಂದೆ ಇರ್ಲಿ.” ಸೊಸೆಯ ಮಾತು ಕೇಳುವ ಅಭ್ಯಾಸ ನನಗಿಲ್ಲ. ಕೇಳಬೇಕಿತ್ತು.

ಮರುದಿನ ಅರ್ಧ ಊರು ಕಡೂರು ಸ್ಟೇಷನ್ನಿಗೆ ಬಂತು. ಹಾರ ಬಿತ್ತು, ಜೈಕಾರ ಆಯಿತು. ಉತ್ತರದ ಕಡೆ ಹೊರಟ ಪ್ಯಾಸೆಂಜರ್ ರೈಲು ಹತ್ತಿದ ಯೋಧ ಬೀರೂರು ದಾಟಿ ಅಜ್ಜಂಪುರದಲ್ಲಿ ಇಳಿದ. ಅಲ್ಲಿ ನನ್ನ ತಂಗಿ ಯಶೋದಾಳ ಮನೆ. ಅವಳ ಶೆಡ್ಡಿನಲ್ಲಿ ಈರುಳ್ಳಿ ಆರಿಸುತ್ತ, ಚೀಲ ಹೊಲಿಯುತ್ತ ಉಳಿದ. ಯಗಟಿಯ ಗೆಳೆಯರು ವಿಡಿಯೋ ಕಾಲ್ ಮಾಡಿ “ಹಿಂದೆ ಕಾಣೋದು ಬೆಟ್ಟ ಏನ್ಲಾ?” ಎಂದು ಚೀಲಗಳ ಒಟ್ಟಿಲನ್ನು ನೋಡಿ ಕೇಳಿದ ದಿನ, ಸಿಮ್ ತೆಗೆದುಬಿಡು ಎಂದು ನಾನೇ ಹೇಳಿಸಿದೆ. ಹೀಗೆ ತಮ್ಮ ಪಡೆ ಅವನನ್ನು ಫೋನಿನಲ್ಲಿ ಹುಡುಕುವ ದಾರಿಯನ್ನೂ ನಾನೇ ಮುಚ್ಚಿದೆ.

ಆಗ ತಮಗೆ ಅವನ ನೆನಪಾಯಿತು. ವಾರ್ಷಿಕ ಶಿಬಿರಕ್ಕೆ ಬಾ ಎಂಬ ಆದೇಶ ಯಗಟಿ ಅಂಚೆಗೆ ಬಂತು. ಪೋಸ್ಟ್‌ಮ್ಯಾನ್ ತಿಮ್ಮರಾಯಪ್ಪ ನಮ್ಮ ಮನೆಗೆ ಬರಲೇ ಇಲ್ಲ. ‘ವಿಳಾಸದಾರರು ಸೈನ್ಯದ ಕೆಲಸದಲ್ಲಿದ್ದಾರೆ’ ಎಂದು ಲಕೋಟೆಯ ಮೇಲೆ ಬರೆದು ತಮಗೇ ಹಿಂತಿರುಗಿಸಿದ. ನೋಟಿಸ್ ಮನೆಯವರ ಹೆಸರಿಗೆ ಬಂದಿತ್ತು; ಅದನ್ನು ತಂದ ದಿನ ಕೇಳಿದರೆ, “ಸ್ಟೇಷನ್ನಾಗೆ ಹಾರ ಹಾಕಿದ್ದು ನಾನೇ ಅಲ್ವೇನ್ರಮ್ಮ? ಡ್ಯೂಟಿಲಿರೋನ ಕಾಗದ ಮನೇಲಿ ಕೊಟ್ಟು ಏನ್ ಮಾಡ್ಲಿ?” ಎಂದ. ಅವನನ್ನು ಬೈಯಲು ನನಗೆ ಬಾಯಿ ಎಲ್ಲಿದೆ? ಆದರೆ ತಮ್ಮನ್ನು ಕೇಳುತ್ತೇನೆ. ತಾವೇ ಸೈನ್ಯಕ್ಕೆ ಕರೆದ ಕಾಗದ, ಆಸಾಮಿ ಸೈನ್ಯದಲ್ಲಿದ್ದಾನೆ ಎಂಬ ಷರಾ ಹೊತ್ತು ತಮ್ಮ ಮೇಜಿಗೇ ಬಂದಾಗ, ಅಷ್ಟು ದೊಡ್ಡ ಕಚೇರಿಯಲ್ಲಿ ಒಬ್ಬರಿಗೂ ಏನೋ ಎಡವಟ್ಟಾಗಿದೆ ಎನ್ನಿಸಲಿಲ್ಲವೇ? ಬದಲಿಗೆ ‘ಆಬ್ಸೆಂಟ್’ ಎಂದು ಬರೆದಿರಿ. ಆ ಪದ ನನಗೆ ಗೊತ್ತು. ಹತ್ತು ವರ್ಷ ಶಾಲೆಗೆ ಹೋದರೂ ನನ್ನ ಹೆಸರಿನ ಮುಂದೆ ಅದು ಬಿದ್ದಿರಲಿಲ್ಲ.

ನೋಟಿಸ್ ಬಂದ ಮೂರನೇ ದಿನವೇ ಕಲ್ಲೇಶ ತಮ್ಮ ಕಚೇರಿಗೆ ಬಂದಿದ್ದ. ಆದೇಶ ಪತ್ರ ತೋರಿಸದೆ ಒಳಗೆ ಬಿಡುವುದಿಲ್ಲ ಎಂದರು ಕಾವಲಿನವರು. ಆದೇಶ ಪತ್ರ ತಮ್ಮ ಕೋಣೆಯಲ್ಲೇ ಇದೆ. ಹಾಗಾದರೆ ಶಿಬಿರದ ದಿನಗಳಲ್ಲಿ ಎಲ್ಲಿದ್ದೆ ಎಂಬುದಕ್ಕೆ ಪಂಚಾಯಿತಿಯಿಂದ ಬರೆಸಿ ತಾ ಎಂದರು. ಪಂಚಾಯಿತಿಗೆ ನಾನು ಹೋದೆ. ಅಲ್ಲಿನ ಗುಮಾಸ್ತ ಗಾಬರಿಯಾಗಿ ಎದ್ದು ನಿಂತ. “ಅವ್ನು ಡ್ಯೂಟಿಲಿ ಅವ್ನೆ ಅಂತ ಊರಿಗೇ ಗೊತ್ತು. ಅಜ್ಜಂಪುರದಲ್ಲಿ ಈರುಳ್ಳಿ ಆರಿಸ್ತಿದ್ದ ಅಂತ ಸುಳ್ಳು ಬರ್ಕೊಡಕ್ಕಾಯ್ತದಾ ಅಮ್ಮ? ನೀವೇ ಹಿಂಗಂದ್ರೆ ಹೆಂಗೆ?” ನನ್ನ ಮಾತಿಗೆ ಊರಲ್ಲಿ ಅಷ್ಟು ಬೆಲೆ. ನಾನು ಹೇಳಿದ ಸುಳ್ಳನ್ನು ನಾನೇ ಅಲ್ಲಗಳೆದರೂ ಯಾರೂ ಒಪ್ಪುತ್ತಿಲ್ಲ.

ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಯಗಟಿಯಲ್ಲಿ ಇದನ್ನು ಓದದವರು ಇರುವುದಿಲ್ಲ. ಓದಲಿ. ಪಂಚಾಯಿತಿ ಕೊಡದ ಪ್ರಮಾಣಪತ್ರ ಇದೇ ಎಂದು ತಾವು ಭಾವಿಸಿ, ಕತ್ತರಿಸಿ ಅವನ ಕಡತಕ್ಕೆ ಅಂಟಿಸಿಕೊಳ್ಳಿ. ಅವನ ಹೆಸರಿನ ಮುಂದಿರುವ ಆ ಪದವನ್ನು ಹೊಡೆದುಹಾಕಿ, ಶಿಬಿರಕ್ಕೆ ಬೇರೆ ದಿನಾಂಕ ಕೊಡಿ. ಶಿಕ್ಷೆ ಕೊಡಲೇಬೇಕೆಂದರೆ ನನ್ನ ವಿಳಾಸ ಕೆಳಗಿದೆ. ಇನ್ನು ಮುಂದೆ ಆರಿಸುವ ಹುಡುಗರ ಮನೆಗೆ ಒಂದೇ ಒಂದು ಹಾಳೆಯನ್ನು ಕನ್ನಡದಲ್ಲಿ ಕಳಿಸಿ: ವರ್ಷದಲ್ಲಿ ಎಷ್ಟು ದಿನ ಇವನು ಸೈನ್ಯದವನು, ಎಷ್ಟು ದಿನ ಮನೆಯವನು, ಮನೆಯವನಾಗಿದ್ದಾಗ ಹೊಟ್ಟೆಪಾಡಿಗೆ ಏನು ಮಾಡಿಕೊಳ್ಳಬೇಕು. ಇಷ್ಟು ಬರೆಯಲು ಹನ್ನೊಂದು ಹಾಳೆ ಬೇಕಾಗುವುದಿಲ್ಲ.

ಬರುವ ಸೋಮವಾರ ಹತ್ತು ಗಂಟೆಗೆ ಕಲ್ಲೇಶ ತಮ್ಮ ಗೇಟಿನ ಮುಂದೆ ಇರುತ್ತಾನೆ. ಪಕ್ಕದಲ್ಲಿ ನಾನೂ, ಅವನ ತಾಯಿಯೂ ಇರುತ್ತೇವೆ. ಒಳಗೆ ಕರೆದುಕೊಳ್ಳಿ, ಇಲ್ಲವೇ ನೀನು ನಮ್ಮವನಲ್ಲ ಎಂದು ಬರೆದುಕೊಟ್ಟು ಮನೆಗೆ ಕಳಿಸಿ. ಗೇಟಿನಲ್ಲಿ ಮಾತ್ರ ನಿಲ್ಲಿಸಬೇಡಿ. ಅಲ್ಲಿ ಅವನು ನಿಂತು ಆಗಲೇ ಒಂದು ವರ್ಷವಾಯಿತು.

ಇಂತಿ,
ಊರಿಗೆ ಹೇಳಿದ ಸುಳ್ಳನ್ನು ಊರ ಮುಂದೆಯೇ ವಾಪಸು ತೆಗೆದುಕೊಂಡ
ಪಂಕಜಾಕ್ಷಮ್ಮ
ಯಗಟಿ, ಕಡೂರು ತಾಲ್ಲೂಕು