ಬಿಳಿ ಸಮವಸ್ತ್ರವಿಲ್ಲದ ಪೋಸ್ಟರ್

ಫೆಬ್ರುವರಿ 9, ಬೆಳಿಗ್ಗೆ 7
ಚೊಳಚಗುಡ್ಡ

ನಡಿಗೆ ಮುಗಿಸಿ ಬಂದೆ. ಬನಶಂಕರಿ ಗುಡಿಯ ಹೊಂಡದ ಸುತ್ತ, ವಾಪಸ್. ಮೊಣಕಾಲು ಪರವಾಗಿಲ್ಲ. ಹೆಂಡತಿ ಸುಧಾರಾಣಿ ಚಹಾ ಇಟ್ಟು ಹೋಗಿದ್ದಾಳೆ, ಆರಿದೆ. ದುರಗಪ್ಪ ಆಗಲೇ ಕುರಿ ಹೊಡೆದುಕೊಂಡು ಹಾದು ಹೋದ. ನಾವಿಬ್ಬರೂ ಮಲಪ್ರಭೆಯಲ್ಲಿ ಒಟ್ಟಿಗೆ ಈಜು ಕಲಿತವರು. ಅವನು ಕುರಿಗಳ ಹಿಂದೆ ಹೋದ, ನಾನು ನೌಕಾಪಡೆಗೆ. ವೈಸ್ ಅಡ್ಮಿರಲ್ ಎನ್ನುವ ನನ್ನ ಹುದ್ದೆ ಅವನ ಬಾಯಲ್ಲಿ ಹೊರಳುವುದಿಲ್ಲ. ‘ಹಡಗದ ಸೋಮ್ಯಾ’ ಎನ್ನುತ್ತಾನೆ. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಆ ಹೆಸರೇ ಹಿತ.

ನಿನ್ನೆ ದಿಲ್ಲಿಯಿಂದ ಫೋನ್. ಪಕ್ಷದ ದೊಡ್ಡವರೊಬ್ಬರು. ಬಾಗಲಕೋಟೆ ಲೋಕಸಭೆಗೆ ನಿಲ್ಲುತ್ತೀರಾ ಎಂದರು. ಸಮುದ್ರದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ನಿಂತ ಕಾಲಲ್ಲಿ ಮಾಡಿದ್ದೇನೆ. ಇದು ಆಗುತ್ತಿಲ್ಲ...

ಸುಧಾಗೆ ಇನ್ನೂ ಹೇಳಿಲ್ಲ.

ಫೆಬ್ರುವರಿ 10

ಹೇಳಿದೆ. ವಿಶಾಖಪಟ್ಟಣ, ಕೊಚ್ಚಿ, ಮುಂಬೈ, ಪೋರ್ಟ್ ಬ್ಲೇರ್ — ಮದುವೆಯಾದಾಗಿನಿಂದ ನನ್ನ ಹಿಂದೆ ಸಾಮಾನು ಕಟ್ಟಿದವಳು. ಈ ಮನೆಯ ಕಿಟಕಿಗೆ ಪರದೆ ಹಾಕಿದ್ದೇ ಮೊನ್ನೆ. ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು:

“ಕೇಳಾಕ ಬರತೈತೇನ್ರಿ ನಿಮಗ? ಇಷ್ಟ ವರ್ಷ ಹೇಳಿ ಮಾಡಿಸೀರಿ. ಒಬ್ಬರನ್ನೂ ಏನೂ ಕೇಳಿಲ್ಲ.”

ರೊಟ್ಟಿಯನ್ನು ಹೆಂಚಿಗೆ ಹಾಕಿ ಮುಂದುವರಿಸಿದಳು:

“ಕಲೀತೇನಿ ಅಂದ್ರ ನಿಲ್ರಿ.”

ಸಂಜೆ ದಿಲ್ಲಿಗೆ ಹೂಂ ಎಂದೆ.

ಮಾರ್ಚ್ 30
ಕಲಾದಗಿಯಿಂದ ಬಂದು

ಮೊದಲ ಸಭೆ. ಪಕ್ಷದವರು ಬೆಂಗಳೂರಲ್ಲಿ ಬರೆಸಿದ ಭಾಷಣ. ಕಡಲು, ಕರ್ತವ್ಯ, ಕನಸು. ಓದಿದೆ. ಜನ ಮರ್ಯಾದೆಯಿಂದ ಚಪ್ಪಾಳೆ ತಟ್ಟಿ, ಮರ್ಯಾದೆಯಿಂದ ಎದ್ದು ಹೋದರು. ರೇಡಿಯೋದಲ್ಲಿ ವಾರ್ತೆ ಕೇಳಿದಂತಾಯಿತು ಎಂದು ಸುಧಾ ಅಭಿಪ್ರಾಯಪಟ್ಟಳು.

ಅತ್ತ ಬಾದಾಮಿಯಲ್ಲಿ ಎದುರಾಳಿಯ ಭಾಷಣ. ಈತ ಉಪ್ಪುನೀರಿನ ಮನುಷ್ಯ, ಈ ಮಣ್ಣಿಗೆ ಆಗಿಬರುವುದಿಲ್ಲ ಎಂದರಂತೆ. ಸಭೆಯಲ್ಲಿ ಭಾರೀ ನಗು. ಕೇಳಿ ನನಗೂ ನಗು ಬಂತು. ಆಮೇಲೆ ಬರಲಿಲ್ಲ.

ಏಪ್ರಿಲ್ 17
ಬಾಗಲಕೋಟೆ

ಪಕ್ಷದ ಕಚೇರಿ. ಬಾಗಿಲಿಂದ ಗೋಡೆಯವರೆಗೆ ಪೋಸ್ಟರ್ ಬಂಡಲ್‌ಗಳು. ಬಿಚ್ಚಿದೆ — ನಾನೇ. ಬಿಳಿ ಸಮವಸ್ತ್ರ, ಎದೆ ತುಂಬ ಪದಕ, ಹಿಂದೆ ಯುದ್ಧನೌಕೆ. ಫೋಟೋ ಎಲ್ಲಿಂದ ತಂದರೋ. ಒಂದೂ ಅಂಟಿಸಬೇಡಿ ಎಂದೆ. ಚುನಾವಣಾ ನಿಯಮಕ್ಕೂ ವಿರುದ್ಧ.

ಜಿಲ್ಲಾಧ್ಯಕ್ಷ ಪ್ರಭುಲಿಂಗ ನಗುತ್ತಲೇ ಎದ್ದರು. ಬಾಗಿಲು ಹಾಕಿದರು.

“ಸಾಹೇಬ್ರ, ಖರೆ ಹೇಳ್ತೇನಿ. ಟಿಕೆಟ್ ಕೊಟ್ಟಿದ್ದು ಆ ಬಿಳಿ ಡ್ರೆಸ್ಸಿಗೆ. ನಿಮಗಲ್ಲ.”

“ಹಂಗಿದ್ರ ಟಿಕೆಟ್ ವಾಪಸ್ ತಗೋರಿ. ಆ ಡ್ರೆಸ್ಸು ಈಗ ನಂದಲ್ಲ. ಇವತ್ತ ಸಮುದ್ರದಾಗ ನಿಂತಾರಲ್ಲ, ಅವರದು. ಅವರು ಯಾ ಪಕ್ಷದವರೂ ಅಲ್ಲ.”

ಬಿಚ್ಚಿದ ಬಂಡಲ್ ಮತ್ತೆ ಕಟ್ಟಿದೆ. ಮೇಜಿನ ಕೆಳಗೆ ತಳ್ಳಿದೆ.

ಬಸ್‌ಸ್ಟ್ಯಾಂಡ್ ಗೋಡೆಗೆ ಆಗಲೇ ಕೆಲವು ಅಂಟಿದ್ದವು. ದುರಗಪ್ಪನೂ ನಾನೂ ಬಕೆಟ್‌ನಲ್ಲಿ ನೀರು ತಂದು ನೆನೆಸಿ ಕಿತ್ತೆವು. ತನ್ನ ಫೋಟೋ ತಾನೇ ಕೀಳುವ ಅಭ್ಯರ್ಥಿಯನ್ನು ನೋಡಲು ಜನ ಸೇರಿಬಿಟ್ಟರು. ಮುಖದ ಭಾಗ ಮಾತ್ರ ಗೋಡೆ ಬಿಡಲಿಲ್ಲ. ಮೂಗು ಉಳಿಯಿತು. ಇರಲಿ.

ಏಪ್ರಿಲ್ 20

ಪ್ರಭುಲಿಂಗ ಫೋನ್ ಎತ್ತುವುದಿಲ್ಲ. ಕಾರ್ಯಕರ್ತರಿಲ್ಲ. ಮೈಕಿನ ಗಾಡಿಯೂ ಮಾಯ. ದಿಲ್ಲಿಯವರು ಸ್ವಲ್ಪ ಹೊಂದಿಕೊಳ್ಳಿ ಎಂದರು. ಆಗುವುದಿಲ್ಲ ಎಂದೆ. ಆಯಿತು, ನಿಮ್ಮ ಇಷ್ಟ ಎಂದರು. ಆ ಮಾತಿನ ಧ್ವನಿ ಚೆನ್ನಾಗಿರಲಿಲ್ಲ.

ಉಳಿದವರು ಮೂವರು. ನಾನು, ಸುಧಾ, ದುರಗಪ್ಪ.

ಏಪ್ರಿಲ್ 21

ತಪ್ಪು ಎಣಿಸಿದ್ದೆ. ಸುಧಾ ಬೆಳಿಗ್ಗೆಯೇ ತವರಿಗೆ, ಇಳಕಲ್ಲಿಗೆ ಹೋದಳು. ಅಲ್ಲಿ ಅವಳ ತಮ್ಮ ಶ್ರೀಧರನ ಪವರ್‌ಲೂಮ್ ಇದೆ. ಸಂಜೆ ಫೋನ್. ಅವಳ ಬಾಲ್ಯದ ಗೆಳತಿ ಆರಿಫಾ ತನ್ನ ಓಣಿಯ ಹೆಂಗಸರನ್ನು ಪ್ರಚಾರಕ್ಕೆ ಕರೆತರುತ್ತಾಳಂತೆ. ಶ್ರೀಧರ ನೇಕಾರರ ಮನೆ ಮನೆಗೆ ಹೋಗುತ್ತಾನಂತೆ. ಇತ್ತ ದುರಗಪ್ಪ ಬೀರಪ್ಪನ ಗುಡಿಯಲ್ಲಿ ನಮ್ಮ ಕುರುಬ ಹಿರಿಯರನ್ನು ಕೂರಿಸಿ ಮಾತಾಡಿದ್ದಾನೆ. ನಾನು ಯಾರಿಗೂ ಆಜ್ಞೆ ಕೊಟ್ಟಿಲ್ಲ. ಎಲ್ಲ ನಡೆಯುತ್ತಿದೆ. ವಿಚಿತ್ರ ಅನುಭವ.

ಏಪ್ರಿಲ್ 28, ರಾತ್ರಿ
ಹುನಗುಂದದಿಂದ ಬಂದು

ಇದನ್ನು ಪೂರ್ತಿ ಬರೆಯಬೇಕು.

ಸಂತೆ ದಿನ. ಜನವಿದ್ದರು, ಮೈಕ್ ಇರಲಿಲ್ಲ. ಕಟ್ಟೆ ಹತ್ತಿದೆ. ಬಿರುಗಾಳಿಗೆ ಎದುರಾಗಿ ಡೆಕ್ಕಿನ ಮೇಲೆ ಕೂಗಿದ ಗಂಟಲು, ಇನ್ನೂ ಇದೆ. ಭಾಷಣದ ಹಾಳೆ ತೆಗೆಯಲಿಲ್ಲ. ಮನೆ ಮಾತಿನಲ್ಲೇ ಶುರು ಮಾಡಿದೆ. ದೂರದವರು ಕೇಳಿಸದೆ ಹತ್ತಿರ ಬಂದರು. ಹತ್ತಿರದವರು ಕುಳಿತರು.

ಮುಂದಿನ ಸಾಲಿಂದ ಒಬ್ಬ ಹೆಣ್ಣುಮಗಳು ಎದ್ದಳು. ಕಾಳವ್ವ ಅಂತ, ಮಗ ಸೈನ್ಯದಲ್ಲಿದ್ದಾನೆ.

“ಇಷ್ಟ ವರ್ಷ ಮ್ಯಾಲಿನವರಿಗಿ ಸಲ್ಯೂಟ್ ಹೊಡದೀರಿ. ದಿಲ್ಲಿಗಿ ಹೋದ್ರ ಯಾರಿಗಿ ಹೊಡೀತೀರಿ? ಪಕ್ಷದವರಿಗೇನ್ರಿ?”

ಕಟ್ಟೆಯ ಅಂಚಿಗೆ ಬಂದೆ.

“ಇಲ್ಲರಿ ಅವ್ವಾರ. ಇನ್ನ ನನ್ನ ಮ್ಯಾಲಿನವರು ನೀವು. ವರ್ಷಕ್ಕೊಮ್ಮೆ ಇಲ್ಲೇ ಬರ್ತೇನಿ. ನೀವು ಕುಂದರ್ರಿ, ನಾ ನಿಂತು ಹೇಳ್ತೇನಿ, ಏನ್ ಮಾಡ್ದೆ, ಏನ್ ಆಗಲಿಲ್ಲ ಅಂತ.” ಕೈ ಮುಗಿದೆ. “ನನಗ ನಿಮ್ಮ ವೋಟ್ ಬೇಕ್ರಿ. ಕೇಳಾಕ ಬಂದೇನಿ.”

ಕಾಳವ್ವ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. “ಹಂಗಾರ ಬರ್ರಿ. ಕಾಯ್ತೇವಿ” ಎಂದು ಕುಳಿತಳು.

ಚಪ್ಪಾಳೆ ಇಲ್ಲ. ಆದರೆ ಯಾರೂ ಏಳಲಿಲ್ಲ. ಬಸ್ಸು, ಹಾಸ್ಟೆಲ್ಲು, ದವಾಖಾನೆಯ ಡಾಕ್ಟರು... ಕತ್ತಲಾಗುವವರೆಗೆ ಕೇಳಿದರು. ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ. ಸುಧಾ ಗುಂಪಿನ ಹಿಂದೆ ನಿಂತಿದ್ದಳು. ಕಾರಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದಳು.

ಮೇ 2

ಹುನಗುಂದದ ಮಾತನ್ನು ಯಾರೋ ಮೊಬೈಲ್‌ನಲ್ಲಿ ಹಿಡಿದಿದ್ದರಂತೆ. ಊರೂರಿಗೆ ಹರಿದಿದೆ. ರಾಮಥಾಳದಲ್ಲಿ ನಾವು ಮುಟ್ಟುವ ಮೊದಲೇ ಜನ ಚಾಪೆ ಹಾಸಿ ಕುಳಿತಿದ್ದರು. ನನಗೆ ಕುರ್ಚಿ ಇಟ್ಟಿರಲಿಲ್ಲ. ನಿಂತೇ ಹೇಳಬೇಕಂತೆ.

ಮೇ 10

ಮತ ಹಾಕಿದೆ. ದುರಗಪ್ಪ ಶಾಯಿ ಬೆರಳು ತೋರಿಸಿ, ಯಾರಿಗೆ ಹಾಕಿದೆ ಅಂತ ಹೇಳುವುದಿಲ್ಲ ಎಂದ.

ಜೂನ್ 6
ಬಾಗಲಕೋಟೆ

ಗೆದ್ದೆವು.

ಬಾದಾಮಿಯ ಮೊದಲ ಸುತ್ತಿನಲ್ಲಿ ಹಿಂದೆ ಇದ್ದೆ. ಸುಧಾ ಎದ್ದು ಹೊರಗೆ ಹೋದಳು. ಆಮೇಲೆ ಹುನಗುಂದದ ಮತಯಂತ್ರಗಳು ತೆರೆದವು. ಇಳಕಲ್ಲಿನ ಬೂತುಗಳು ಒಂದರ ಹಿಂದೊಂದು ನಮ್ಮ ಕಡೆಗೆ. ಎಣಿಕೆ ಕೇಂದ್ರದ ಹೊರಗೆ ಆರಿಫಾ, ಅವಳ ಓಣಿಯ ಹೆಂಗಸರು, ಭಂಡಾರದ ಅರಿಶಿನ ಹಚ್ಚಿಕೊಂಡ ನಮ್ಮ ಕುರುಬರು, ಡೊಳ್ಳು. ದುರಗಪ್ಪ ನನ್ನನ್ನು ಹೆಗಲ ಮೇಲೆ ಎತ್ತಿದ. ಈ ವಯಸ್ಸಿನಲ್ಲಿ. ಇಳಿಸು ಎಂದು ಆಜ್ಞೆ ಕೊಟ್ಟೆ. ಕೇಳಲಿಲ್ಲ.

ಪ್ರಭುಲಿಂಗ ದೊಡ್ಡ ಹಾರದೊಂದಿಗೆ ಬಂದರು. ಕಣ್ಣು ಕೂಡಿಸಲಿಲ್ಲ. “ಮುಂದಿನ ಸಲಾನೂ ಪೋಸ್ಟರ್ ಬ್ಯಾಡ ಬಿಡ್ರಿ” ಎಂದರು. ಹಾರ ಹಾಕಿಸಿಕೊಂಡೆ. ಅಪ್ಪಿಕೊಂಡೆ. ಇನ್ನು ಇವರ ಜೊತೆಗೇ ಕೆಲಸ.

ಎಷ್ಟೋ ಬಂದರುಗಳಲ್ಲಿ ಬ್ಯಾಂಡ್ ಬಾರಿಸಿ ಸ್ವಾಗತಿಸಿದ್ದಾರೆ. ಇವತ್ತಿನಷ್ಟು ಮೈ ಜುಂ ಎಂದಿರಲಿಲ್ಲ.

ಜೂನ್ 24, ಸಂಜೆ 4:40
ಲೋಕಸಭೆ

ಹಿಂದಿನ ಸಾಲು. ಪ್ರಮಾಣವಚನ ನಡೆದಿದೆ, ರಾಜ್ಯದ ಹಿಂದೆ ರಾಜ್ಯ. ಮೇಲೆ ಗ್ಯಾಲರಿಯಲ್ಲಿ ಸುಧಾ. ಅವಳ ಪಕ್ಕದಲ್ಲಿ ದುರಗಪ್ಪ, ಹೊಸ ರುಮಾಲು. ಸಂಸತ್ತಿನ ಚಾವಣಿಯನ್ನೇ ನೋಡುತ್ತಿದ್ದಾನೆ. ನನ್ನ ಪಕ್ಕದ ಹಿರಿಯ ಸದಸ್ಯರು ಯಾವ ಭಾಷೆಯಲ್ಲಿ ಪ್ರಮಾಣ ಎಂದು ಕೇಳಿದರು. ಕನ್ನಡ ಎಂದೆ.

ಈಗ ಕರ್ನಾಟಕ. ಚಿಕ್ಕೋಡಿ ಆಯಿತು. ಬೆಳಗಾವಿಯವರು ಸಹಿ ಹಾಕುತ್ತಿದ್ದಾರೆ. ಮುಂದೆ ಬಾಗಲಕೋಟೆ, ನಾವು —