ಪತಿದೇವರು ಮೆಟ್ಟಿಲಿಳಿದ ಬಗೆ

ನಮ್ಮ ಮನೆ, ಅಡುಗೆಮನೆಯ ಮೇಜು
ತಾರೀಖು ಹದಿನೇಳು, ಮಂಗಳವಾರ, ಬೆಳಗಿನ ಹನ್ನೊಂದು ಗಂಟೆ

ಹದಿನಾಲ್ಕು ಸಲ ಸತ್ತು ಹದಿನೈದನೆಯದಕ್ಕೆ ಒಪ್ಪದೆ ಕೂತಿರುವ ನನ್ನ ಪ್ರೀತಿಯ ಅಕ್ಕಾ,

ದವಡೆ ಹೇಗಿದೆ? ಹಲ್ಲಿಗೆ ಕಟ್ಟಿದ ತಂತಿಯನ್ನು ಯಾವತ್ತು ಬಿಚ್ಚುತ್ತಾರಂತೆ? ಎಡಗಿವಿಯ ಗುಂಯ್ ಸದ್ದು ಕಡಿಮೆಯಾಯಿತೋ, ಇನ್ನೂ ಸಂಗೀತ ನಡೆದಿದೆಯೋ? ಚಿಕ್ಕಮ್ಮ ಎಲ್ಲವನ್ನೂ ನುಣ್ಣಗೆ ಅರೆದು ಸ್ಟ್ರಾ ಹಾಕಿ ಕುಡಿಸುತ್ತಿದ್ದಾಳೆಂದು ತಿಳಿದು ಸಮಾಧಾನವಾಯಿತು. ಮೂರು ವಾರ ಬಾಯಿ ತೆರೆಯದೆ ಕೂತ ಹೆಂಗಸು ನಮ್ಮ ವಂಶದಲ್ಲಿ ನೀನೇ ಮೊದಲು. ಚಿಕ್ಕಮ್ಮನಿಗಂತೂ ಎದುರಾಡದೆ ಕೇಳಿಸಿಕೊಳ್ಳುವವರು ಈ ಜನ್ಮದಲ್ಲಿ ಸಿಕ್ಕಿದ್ದು ಇದೇ ಮೊದಲು, ಆಕೆಯ ಸಂತೋಷವನ್ನು ಹಾಳು ಮಾಡಬೇಡ. ನಿನ್ನ ಫೋನು ಅಮ್ಮನ ಕೈಚೀಲದಲ್ಲಿದೆ, ಚಿಕ್ಕಮ್ಮನ ಫೋನಿಗೆ ಕಳಿಸಿದ್ದು ಅರ್ಧ ಗಂಟೆಯೊಳಗೆ ಅಮ್ಮನಿಗೆ ಮುಟ್ಟುತ್ತದೆ. ಆದ್ದರಿಂದ ಈ ಕೆಳಗೆ ಸಹಿ ಮಾಡುವ ನಾನು, ಪೂರ್ವಿಕರ ದಾರಿ ಹಿಡಿದು, ಕಾಗದವೆಂಬ ಕಾಗದದ ಮೇಲೆ ಪೆನ್ನೆಂಬ ಪೆನ್ನಿನಿಂದ ಬರೆಯುತ್ತಿದ್ದೇನೆ. ಓದಿ ಒಲೆಗೆ ಹಾಕು. ಅಥವಾ ಹಾಕಬೇಡ, ಕೊನೆಯವರೆಗೆ ಓದಿದ ಮೇಲೆ ನೀನೇ ತೀರ್ಮಾನ ಮಾಡು.

ಇಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ನೀನು ಸಹಿ ಹಾಕುತ್ತೀಯೋ ಇಲ್ಲವೋ ಎಂಬುದು. ನಿರ್ಮಾಪಕರು ಟೈಪ್ ಮಾಡಿಸಿದ್ದು ಬರೀ ಎರಡು ಸಾಲು, ನಾನೂ ನೋಡಿದೆ: "ಚಿತ್ರೀಕರಣದ ವೇಳೆ ನಾನೇ ಕಾಲು ಜಾರಿ ಮೆಟ್ಟಿಲಿನಿಂದ ಬಿದ್ದೆ. ಇದರಲ್ಲಿ ಯಾರ ತಪ್ಪೂ ಇಲ್ಲ." ಆಸ್ಪತ್ರೆಯವರು ಸುದ್ದಿ ಕೊಟ್ಟಿದ್ದರಿಂದ ಠಾಣೆಯಲ್ಲಿ ಒಂದು ಫೈಲು ತೆರೆದಿದೆ, ನಿನ್ನ ಹೇಳಿಕೆಗೆ ಕಾಯುತ್ತಿದೆ. ಆ ಎರಡು ಸಾಲಿನ ಕೆಳಗೆ ನಿನ್ನ ಹೆಸರು ಬಿದ್ದರೆ ಫೈಲು ಮುಚ್ಚುತ್ತದೆ. ನೀನು ಚಿಕ್ಕಮ್ಮನ ನೋಟ್‌ಬುಕ್ಕಿನಲ್ಲಿ "ಯೋಚಿಸ್ತೀನಿ" ಎಂದು ಬರೆದು ತೋರಿಸಿದೆಯಂತೆ. ಅಮ್ಮ ಆ ದಿನದಿಂದ ಗೋಡೆಗೂ ಪಾತ್ರೆಗೂ ಹೇಳುತ್ತಿದ್ದಾಳೆ, "ಅದರಲ್ಲಿ ಯೋಚಿಸೋಕೆ ಏನಿದೆ? ಫೀಲ್ಡಲ್ಲಿ ಇರ್ಬೇಕಾ, ಮನೇಲಿ ಕೂರ್ಬೇಕಾ?"

ನಿನ್ನ ಕಲಾಜೀವನವನ್ನು ನಾನು ಮುಂದೊಂದು ದಿನ ದಪ್ಪ ಗ್ರಂಥವಾಗಿ ಬರೆಯಬೇಕೆಂದಿದ್ದೇನೆ. ಮೊದಲ ಅಧ್ಯಾಯದ ಹೆಸರು "ಉಗುರು". ನಿನಗೆ ಏಳು ವರ್ಷ, ನಾನಿನ್ನೂ ಅಮ್ಮನ ಹೊಟ್ಟೆಯಲ್ಲಿ, ನಮ್ಮ ನಿಜವಾದ ಅಪ್ಪ ಹೋಗಿ ಮೂರು ತಿಂಗಳು. ಸಿನಿಮಾದ ಅಪ್ಪ ಚಾಪೆಯ ಮೇಲೆ ಸತ್ತು ಮಲಗಿದ್ದ, ನೀನು ಅಳಬೇಕಿತ್ತು. ಗ್ಲಿಸರಿನ್ ಹಾಕಿದರೂ ನೀನು ಕಿಸಕ್ಕೆಂದು ನಗುತ್ತಿದ್ದೆ, ಏಕೆಂದರೆ ಹೆಣದ ಮೂಗಿನ ಮೇಲೆ ನೊಣ ಕೂತು ಹೆಣ ಮೂಗು ಕುಣಿಸುತ್ತಿತ್ತು. ಆಗ ಅಮ್ಮ ನಿನ್ನ ಬೆನ್ನ ಹಿಂದೆ ಕೂತು ಮಂಡಿಯ ಹಿಂಭಾಗಕ್ಕೆ ನಾಲ್ಕು ಉಗುರು ನೆಟ್ಟು ತಿರುವಿದಳು, ರಕ್ತ ಬರುವವರೆಗೂ ಬಿಡಲಿಲ್ಲ. ಥಿಯೇಟರಿನಲ್ಲಿ ಜನ ಮೂಗು ಸೀಟಿದರು, ಪತ್ರಿಕೆಯವರು ಬಾಲಪ್ರತಿಭೆ ಎಂದರು. "ಕ್ಯಾಮೆರಾಗೆ ಕಾಣದ ಕಡೆ ತಾನೇ ಮಾಡಿದ್ದು" ಎಂದು ಅಮ್ಮ ಈಗಲೂ ಹೇಳುತ್ತಾಳೆ, ಹೇಳುವಾಗ ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಾಳೆ.

ಹದಿನೇಳಕ್ಕೆ ನೀನು ನಾಯಕನ ತಂಗಿಯಾದೆ. ನಾಯಕನ ತಂಗಿಯಾದವಳು ಇಂಟರ್ವಲ್ಲಿಗೆ ಮುಂಚೆ ಸಾಯಲೇಬೇಕು, ಇಲ್ಲದಿದ್ದರೆ ಅವನಿಗೆ ಸಿಟ್ಟು ಬರುವುದು ಹೇಗೆ, ಕತೆ ಮುಂದೆ ಹೋಗುವುದು ಹೇಗೆ? ನಿನ್ನನ್ನು ಬಾವಿಗೆ ತಳ್ಳಿದರು, ಲಾರಿ ಹತ್ತಿಸಿದರು, ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಿದರು, ಟೆಲಿಫೋನ್ ತಂತಿಯಿಂದ ಕುತ್ತಿಗೆ ಬಿಗಿದರು. ಒಂದು ಸಿನಿಮಾದಲ್ಲಂತೂ ಇರಿದು, ಸಾಲದೆಂದು ಮಹಡಿಯಿಂದ ಎಸೆದು, ಅದೂ ಸಾಲದೆಂದು ಅಣ್ಣನ ಹುಟ್ಟುಹಬ್ಬದ ದಿನವೇ ಹೆಣವನ್ನು ಮನೆ ಬಾಗಿಲಿಗೆ ಕಳಿಸಿದರು. ಪಕ್ಕದ ಮನೆಯ ಟೈಲರಮ್ಮ ಪ್ರತಿ ಸಲವೂ ಬಂದು, "ಈ ಸಲ ತುಂಬ ಚೆನ್ನಾಗಿ ಸತ್ತಿದ್ದೀಯಮ್ಮ, ಇನ್ನೂ ಸ್ವಲ್ಪ ಹೊತ್ತು ಒದ್ದಾಡಬಹುದಿತ್ತು" ಎಂದು ಹರಸಿ ಹೋಗುತ್ತಿದ್ದರು.

ಆ ಹದಿನಾಲ್ಕು ಸಾವಿಗೂ ಮನೆಯಲ್ಲಿ ನಿನ್ನನ್ನು ಮೊದಲು ಕೊಂದವಳು ನಾನು. ಕೊಲೆಗಾರರಿಗೆಲ್ಲ ನಾನೇ ಬದಲಿ, ಕೈಯಲ್ಲಿ ದಿಂಬು ಅಥವಾ ಲಟ್ಟಣಿಗೆ. ಆಗಲೇ ನೀನು ಹೇಳಿಕೊಟ್ಟದ್ದು, "ಹೊಡೆಯೋನಲ್ಲ ಕಣೇ, ಹೊಡೆಸ್ಕೊಳ್ಳೋಳೇ ಯಜಮಾನಿ." ಕೆನ್ನೆಗೆ ಹೊಡೆಯುವವನ ಕೈ ಒಂದು ಗೇಣು ದೂರದಲ್ಲಿ ಹಾದುಹೋಗಬೇಕು, ಮುಖ ತಿರುಗಿಸುವುದು ನಮ್ಮ ಲೆಕ್ಕ. ಕೂದಲು ಹಿಡಿದು ಎಳೆಯುವುದೆಂದರೆ ಅವನು ನೆತ್ತಿಯ ಮೇಲೆ ಖಾಲಿ ಮುಷ್ಟಿ ಇಡಬೇಕು ಅಷ್ಟೆ. ನಾವು ಎರಡೂ ಕೈಯಿಂದ ಆ ಮಣಿಕಟ್ಟು ಹಿಡಿದು, ಕಿರುಚುತ್ತಾ ನಾವೇ ನಡೆಯಬೇಕು. ನೋಡುವವರಿಗೆ ಅವನು ಎಳೆದಂತೆ, ನಿಜದಲ್ಲಿ ನಾವು ಅವನನ್ನು ಕರೆದುಕೊಂಡು ಹೋದಂತೆ. ಒಂಬತ್ತು ವರ್ಷದ ನನಗೆ ಇದು ಜಗತ್ತಿನ ಅತಿ ದೊಡ್ಡ ತಮಾಷೆ ಅನ್ನಿಸಿತ್ತು.

ಆಮೇಲೆ ಸೀರಿಯಲ್ಲು, ಅದರಲ್ಲಿ ನಿನಗೆ ಗಂಡನಾಗಿ ಬಂದ ಶ್ರೀಮಾನ್ ಪತಿದೇವರು. (ನಾವು ಇಟ್ಟ ಹೆಸರು ಈಗ ಇಡೀ ಯೂನಿಟ್ಟಿಗೆ ಅಂಟಿದೆ, ಮೇಕಪ್‌ನವರೂ ಹಾಗೇ ಅನ್ನುತ್ತಾರೆ.) ನಾಯಕನಾಗಿ ಎರಡು ಸಿನಿಮಾ ಮಾಡಿ ಎರಡನ್ನೂ ಮುಳುಗಿಸಿ, ತಾವು ಮಾತ್ರ ಈಜಿ ಕಿರುತೆರೆಯ ದಡ ಸೇರಿದ ಮಹಾನುಭಾವರು. ಅವರು ನಿನ್ನ ಕೆನ್ನೆಗೆ ಮೊದಲು ಬಾರಿಸಿದ ವಾರ ಸೀರಿಯಲ್ಲು ಏಳನೆಯ ಸ್ಥಾನದಿಂದ ಎರಡಕ್ಕೆ ಹಾರಿತು. ಚಾನೆಲ್ಲಿನವರು ಅದನ್ನು ವಾರಕ್ಕೊಂದು ಎಂದು ಖಾಯಂ ಮಾಡಿದರು. ಆ ಒಂದು ಗೇಣಿನ ಅಂತರ ಯಾವತ್ತು ಮುಚ್ಚಿತೋ ನನಗೆ ಗೊತ್ತಿಲ್ಲ, ನೀನು ಹೇಳಲಿಲ್ಲ. "ಟೈಮಿಂಗ್ ಮಿಸ್ಸಾಯ್ತು" ಎನ್ನುತ್ತಾ ಕೆನ್ನೆಗೆ ಐಸ್ ಒತ್ತಿಕೊಂಡು ಊಟಕ್ಕೆ ಕೂರುತ್ತಿದ್ದೆ. ತಿಂಗಳಿಗೆ ಒಂದು ಸಲ ಮಿಸ್ಸಾಗುತ್ತಿದ್ದ ಟೈಮಿಂಗು ಕೊನೆಕೊನೆಗೆ ವಾರವಾರವೂ ಮಿಸ್ಸಾಯಿತು. ಒಮ್ಮೆ ನಿನ್ನ ತುಟಿ ಒಡೆದು, ಬಟ್ಟಲಿನಲ್ಲಿದ್ದ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನೀನು ಅದನ್ನೇ ಕುಡಿದೆ. ನಾನು ಅದಕ್ಕೂ ಏನೋ ಜೋಕು ಮಾಡಿದೆ, ನೆನಪಿದೆ. ಆ ಜೋಕಿಗೆ ಈಗ ಕ್ಷಮೆ ಕೇಳುತ್ತೇನೆ.

ಮೆಟ್ಟಿಲಿನ ದಿನದ ಬಗ್ಗೆ ನಿನಗೆ ನಾನು ಹೇಳುವುದೇನೂ ಇಲ್ಲ. ಕೂದಲನ್ನು ಕೈಗೆ ಎರಡು ಸುತ್ತು ಸುತ್ತಿ ಜಗ್ಗಿದ, ಐದನೆಯ ಮೆಟ್ಟಿಲಲ್ಲಿ ಬಿಟ್ಟ, ಉಳಿದ ಒಂಬತ್ತನ್ನು ನೀನು ಒಬ್ಬಳೇ ಇಳಿದೆ, ಮುಖ ಮುಂದಾಗಿ. ಆಸ್ಪತ್ರೆಯಲ್ಲಿ ನಿನ್ನ ತಲೆಯ ಹಿಂದೆ ನನ್ನ ಅಂಗೈಯಗಲ ಚರ್ಮ ಬರಿದಾಗಿ ಹಸಿಹಸಿಯಾಗಿ ಕಂಡಿತು. ಅಂದಿನ ಚಿತ್ರೀಕರಣದ ಮೆಮೊರಿ ಕಾರ್ಡು ಕೆಟ್ಟು ಎಲ್ಲ ಅಳಿಸಿಹೋಯಿತೆಂದು ನಿರ್ಮಾಪಕರು ಕಣ್ಣೀರಿಟ್ಟರು. ಕಾರ್ಡಿಗಾಗಿ ಅತ್ತ ಮೊದಲ ಮನುಷ್ಯ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಚಿತ್ರೀಕರಣ ಮುಗಿಸಿ ಪ್ರಸಾರಕ್ಕೆ ಕೂಡಿಟ್ಟಿದ್ದದ್ದು ಒಂಬತ್ತೇ ಕಂತು. ನಿನ್ನ ಬೆನ್ನನ್ನಾದರೂ ತೋರಿಸಿ ಕತೆ ತಳ್ಳಬೇಕೆಂದು ತೀರ್ಮಾನವಾಯಿತು. ಅಮ್ಮ ನನ್ನನ್ನು ಕನ್ನಡಿಯ ಮುಂದೆ ತಿರುಗಿಸಿ ನಿಲ್ಲಿಸಿ, "ಹಿಂದಿನಿಂದ ಥೇಟ್ ಅವಳೇ" ಎಂದಳು. ಹೀಗೆ ನಿನ್ನ ತಂಗಿಯು ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಯಾವ ಪ್ರತಿಭೆಯೂ ಬೇಡದ ತನ್ನ ಬೆನ್ನಿನ ಬಲದಿಂದ ಬಣ್ಣದ ಲೋಕಕ್ಕೆ ಪಾದಾರ್ಪಣೆ ಮಾಡಿದಳು. ಕಳೆದ ವರ್ಷ ಗೆಳತಿಯರ ಜೊತೆ ಪಂದ್ಯ ಕಟ್ಟಿ ತಲೆ ಬೋಳಿಸಿಕೊಂಡಿದ್ದೆನಲ್ಲ, ಕೂದಲು ಇನ್ನೂ ಕಿವಿ ಮುಟ್ಟಿಲ್ಲ. ಆದ್ದರಿಂದ ಸೊಂಟದವರೆಗೆ ಬರುವ ವಿಗ್ಗು. ಹೇರ್ ಡ್ರೆಸ್ಸರ್ ಅಕ್ಕ ಹದಿನಾರು ಪಿನ್ನು ಚುಚ್ಚಿ, ಹಣೆಯಂಚಿಗೆ ಅಂಟು ಬಳಿದು, "ಬಿರುಗಾಳಿ ಬಂದ್ರೂ ಹಾರಲ್ಲ, ಹೋಗು" ಎಂದಳು.

ಶುಕ್ರವಾರ ಮಧ್ಯಾಹ್ನ ಮತ್ತೆ ಅದೇ ದೃಶ್ಯ, ಅದೇ ಮೆಟ್ಟಿಲು. ಹಳೆಯದು ಅಳಿಸಿಹೋಗಿದೆಯೆಂದು ಅವರೇ ಹೇಳಿದ್ದರಲ್ಲ, ಮತ್ತೆ ತೆಗೆಯದೆ ದಾರಿಯಿರಲಿಲ್ಲ. ಹಲಗೆಯ ಹದಿನಾಲ್ಕು ಮೆಟ್ಟಿಲಿಗೂ ಹೊಸ ಕೆಂಪು ಕಾರ್ಪೆಟ್ಟು ಹೊಡೆದಿದ್ದರು. ಶಾಟಿಗೆ ಮುಂಚೆ ನಾನು ಪತಿದೇವರ ಬಳಿ ಹೋಗಿ ಕೈಮುಗಿದು, "ಸಾರ್, ನೀವು ಮುಷ್ಟಿ ಇಟ್ರೆ ಸಾಕು, ನಾನೇ ಬರ್ತೀನಿ, ಎಳೀಬೇಡಿ" ಎಂದೆ. ನಲವತ್ತು ಜನ ಕೇಳಿಸಿಕೊಂಡಿದ್ದಾರೆ. ಅವರು ನಕ್ಕು, "ನಿಮ್ಮಕ್ಕಂದೂ ಇದೇ ಭಾಷಣ. ಮನೆಯಲ್ಲಿ ಕೂತು ಬಾಯಿಪಾಠ ಮಾಡ್ತೀರಾ ಹೇಗೆ?" ಎಂದರು. ಲೈಟಿನವರಲ್ಲಿ ಇಬ್ಬರು ನಕ್ಕರು, ಉಳಿದವರು ನೆಲ ನೋಡಿದರು.

ಆ್ಯಕ್ಷನ್ ಎಂದ ಕೂಡಲೇ ಕೆನ್ನೆಗೆ ಬಿತ್ತು. ಅಕ್ಕಾ, ಅದು ಇಷ್ಟು ಜೋರು ಎಂದು ನೀನು ಯಾಕೆ ಹೇಳಲಿಲ್ಲ? ಬಾಯಲ್ಲಿ ನಾಣ್ಯ ಇಟ್ಟುಕೊಂಡಂಥ ರುಚಿ ಬಂತು. ಅವರು ಎರಡು ಮೆಟ್ಟಿಲು ಕೆಳಗೆ ನಿಂತು, ಕೂದಲನ್ನು ಕೈಗೆ ಒಂದು ಸುತ್ತು ಸುತ್ತಿದರು, ಎರಡನೆಯ ಸುತ್ತೂ ಸುತ್ತಿದರು, ಇಡೀ ಮೈಭಾರ ಹಾಕಿ ಹಿಂದಕ್ಕೆ ಜಗ್ಗಿದರು. ನಾನು ಎರಡೂ ಕೈಯಿಂದ ಕೈಕಂಬಿ ಹಿಡಿದಿದ್ದೆ. ವಿಗ್ಗು ಬಂತು. ನಾನು ಬರಲಿಲ್ಲ.

ಆ ಮನುಷ್ಯ ಬೆನ್ನು ಮುಂದಾಗಿ ಹೋದ. ಮೊದಲು ಸೊಂಟ, ಆಮೇಲೆ ತಲೆಯ ಹಿಂಭಾಗ, ಆಮೇಲೆ ಕಾಲು ತಲೆಯ ಮೇಲಿಂದ ಹಾದು ಮುಖ. ಹಲಗೆಯ ಮೆಟ್ಟಿಲು ಒಳಗೆ ಪೊಳ್ಳು, ಒಂದೊಂದು ಪೆಟ್ಟೂ ಡಬ್ಬ ಬಡಿದಂತೆ ಕೇಳಿಸಿತು. ಕೊನೆಯಲ್ಲಿ ಬಂದ ಸದ್ದು ಮಾತ್ರ ಬೇರೆ, ಹಸಿ ಕಡ್ಡಿ ಮುರಿದ ಹಾಗೆ. ಬಲ ಮೊಣಕೈ ಮಡಚಬಾರದ ಕಡೆಗೆ ಮಡಚಿಕೊಂಡಿತ್ತು, ಮೂಳೆಯ ತುದಿ ಅಂಗಿಯ ತೋಳನ್ನು ಒಳಗಿನಿಂದ ಗುಡಾರದಂತೆ ಎತ್ತಿ ಹಿಡಿದಿತ್ತು, ಮುಂದಿನ ಎರಡು ಹಲ್ಲು ಕೆಳಗಿನಿಂದ ಮೂರನೆಯ ಮೆಟ್ಟಿಲ ಮೇಲಿದ್ದವು. ಮುಷ್ಟಿ ಮಾತ್ರ ಬಿಗಿಯಾಗೇ ಇತ್ತು, ಅದರಲ್ಲಿ ಸೊಂಟದುದ್ದದ ಕೂದಲು. ನಿರ್ದೇಶಕರು ಕಟ್ ಹೇಳುವುದನ್ನು ಮರೆತರು. ನಾನು ಮೇಲೆ ಮೋಟುಗೂದಲ ತಲೆಗೆ ವಿಗ್ಗಿನಡಿಯ ಬಲೆಟೋಪಿ ಹಾಕಿಕೊಂಡು ನಿಂತಿದ್ದೆ.

ಅವನು ಅಂಗಾತ ಬಿದ್ದು ನಾಲ್ಕು ಜನ ನಗುತ್ತಾರೆ, ಅಷ್ಟೇ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ. ನನಗೂ ನಗು ಬರಲಿಲ್ಲ ಅಕ್ಕಾ. ಅವನು "ಅಮ್ಮಾ, ಅಮ್ಮಾ" ಎನ್ನುತ್ತಿದ್ದ, ತೊದಲುತ್ತಿದ್ದ. ನಾನು ಅಲ್ಲೇ ಮೆಟ್ಟಿಲ ಮೇಲೆ ವಾಂತಿ ಮಾಡಿಕೊಂಡೆ. ಆದರೂ ಒಂದು ಮಾತು ನಿಜ, ಅದನ್ನು ನಾಲ್ಕು ದಿನದಿಂದ ತಿರುವಿ ತಿರುವಿ ನೋಡುತ್ತಿದ್ದೇನೆ. ಸುಮ್ಮನೆ ಕೈ ಇಟ್ಟಿದ್ದರೆ ಅವನಿಗೆ ಕೂದಲೂ ಕೊಂಕುತ್ತಿರಲಿಲ್ಲ. ಎಳೆದ, ಆದ್ದರಿಂದ ಬಿದ್ದ. ಅವನು ಹೇಗೆ ಎಳೆಯುತ್ತಾನೆ ಎಂಬುದು ಈಗ ಲೈಟಿನವರ ನಾಲ್ಕು ಫೋನಿನಲ್ಲಿದೆ, ಯಾವ ಕಾರ್ಡು ಕೆಟ್ಟರೂ ಅಳಿಯುವುದಿಲ್ಲ.

ಮಿಕ್ಕಂತೆ ಎಲ್ಲ ಕ್ಷೇಮ. ಅಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಆದರೆ ತಟ್ಟೆಗೆ ಎರಡನೆಯ ಸಲ ಬಡಿಸುವುದನ್ನು ಬಿಟ್ಟಿಲ್ಲ. ನಿನ್ನೆ ನಿನ್ನ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು, ಮಡಿಸಿ, ಮತ್ತೆ ಅಲ್ಲೇ ಇಟ್ಟಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ಅಥವಾ ಮಾಡಿಕೋ, ಆದರೆ ಸ್ವಲ್ಪ ಉಳಿಸಿಕೊಂಡು ಮಾಡಿಕೋ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸು, ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರೆ ಸಾಕು. ನಿನ್ನ ಮುರಿದ ದವಡೆಯ ಎರಡೂ ಪಕ್ಕಕ್ಕೆ ಒಂದೊಂದು ಮುತ್ತು, ನೋಯದ ಹಾಗೆ.

ಇತಿ, ನಿನ್ನ ಬೆನ್ನು ಹೊತ್ತು ಮೆರೆದ
ತಂಗಿ

ಇನ್ನೊಂದು ಮಾತು: ಅಂಚೆಯವನು ಬರುವ ಹೊತ್ತಾಯಿತು, ಗೀಚುತ್ತಿದ್ದೇನೆ, ಕ್ಷಮಿಸು. ಗುರುವಾರ ನಿರ್ಮಾಪಕರು ಹೂಗುಚ್ಛ ಹಿಡಿದು ಅಲ್ಲಿಗೇ ಬರುತ್ತಾರೆ, ವಿಳಾಸ ಕೊಟ್ಟವಳು ಅಮ್ಮ. ಹೀಗೆ ಹೇಳುತ್ತಾರೆ: ನೀನು ಸಹಿ ಹಾಕಿದರೆ, ಬೇಕೆಂದೇ ಬೀಳಿಸಿದಳೆಂದು ನಿನ್ನ ತಂಗಿಯ ಮೇಲೆ ದೂರು ಕೊಡುವುದಿಲ್ಲ, ಇಲ್ಲದಿದ್ದರೆ ಅವಳನ್ನು ಒಳಗೆ ಹಾಕಿಸುತ್ತೇವೆ. ಇಲ್ಲಿ ಅಮ್ಮನ ಹತ್ತಿರ ಮಾತಾಡಿ ಮುಗಿಸಿದ್ದಾರೆ, ನಿನ್ನೆ ನಿನ್ನ ಬಟ್ಟೆ ಮಡಿಸುತ್ತಾ ಅಮ್ಮ ಅತ್ತದ್ದು ಅದಕ್ಕೇ. ಪಿನ್ನು ಸರಿಯಾಗಿ ಚುಚ್ಚಲಿಲ್ಲವೆಂದು ಹೇರ್ ಡ್ರೆಸ್ಸರ್ ಅಕ್ಕನನ್ನೂ ಕೆಲಸದಿಂದ ತೆಗೆದರು. ಅವಳು ಹದಿನಾರೂ ಸರಿಯಾಗೇ ಚುಚ್ಚಿದ್ದಳು. ಶಾಟಿಗೆ ಮುಂಚೆ ಟಾಯ್ಲೆಟ್ಟಿಗೆ ಹೋಗಿ ಒಂದೊಂದಾಗಿ ತೆಗೆದವಳು, ಅಂಟಿಗೆ ನೀರು ಹಚ್ಚಿ ಬಿಡಿಸಿದವಳು ನಾನು. ಇವತ್ತು ಬೆಳಗ್ಗೆ ಒಂಬತ್ತು ಗಂಟೆಗೆ ನಾನೇ ಠಾಣೆಗೆ ಹೋಗಿ ಇದನ್ನೆಲ್ಲ ನನ್ನ ಕೈಯಾರೆ ಬರೆದುಕೊಟ್ಟು ಬಂದೆ, ಫೋನಿನ ವಿಡಿಯೋ ಸಮೇತ. ಇನ್‌ಸ್ಪೆಕ್ಟರ್ ಮೇಡಂ ಎರಡು ಸಲ ಓದಿ, "ತಮಾಷೆ ಮಾಡ್ತಿದ್ದೀಯೇನಮ್ಮ?" ಎಂದರು. ಇಲ್ಲ ಎಂದೆ. ತಮಾಷೆಯಲ್ಲ ಎಂದು ಹೇಳಿದ್ದು ನನ್ನ ಜೀವನದಲ್ಲಿ ಇದೇ ಮೊದಲು. ಏನಾಗುತ್ತದೋ ಗೊತ್ತಿಲ್ಲ, ಸಂಜೆ ಮತ್ತೆ ಬರಹೇಳಿದ್ದಾರೆ. ನನಗೆ ಭಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನನ್ನು ತೋರಿಸಿ ನಿನ್ನಿಂದ ಕೊಳ್ಳುವುದಕ್ಕೆ ಇನ್ನು ಅವರ ಹತ್ತಿರ ಏನೂ ಉಳಿದಿಲ್ಲ. ಗುರುವಾರ ಹೂವು ತೆಗೆದುಕೋ, ಚಿಕ್ಕಮ್ಮನಿಗೆ ಇಷ್ಟ. ಪೆನ್ನು ಕೊಟ್ಟರೆ ಅದನ್ನೂ ಇಟ್ಟುಕೋ. ಕಾಗದ ಮಾತ್ರ, ಸಹಿಯ ಜಾಗ ಬರಿದಾಗೇ ಇಟ್ಟು, ವಾಪಸ್ ಕೊಡು.